ವಯಸ್ಸಾದಂತೆ ಊಟ ಹೇಗಿರಬೇಕು: ಚಯಾಪಚಯದ ಆರೋಗ್ಯಕ್ಕೆ ನಮ್ಮ ಭಾಗದ ಆಹಾರ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಸದ್ಭಕ್ತರ ಮನೆಗಳಲ್ಲಿ ಇಂದು ಎಪ್ಪತ್ತು, ಎಂಬತ್ತು ದಾಟಿದ ಹಿರಿಯರಿರುವುದು ಸಾಮಾನ್ಯವಾಗಿದೆ. ಆಯುಷ್ಯ ಹೆಚ್ಚಿದಂತೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿಶ್ಶಕ್ತಿ, ಎದ್ದು ನಿಲ್ಲಲಾಗದ ಮಂಡಿಬೇನೆಗಳೂ ಮನೆಮನೆಗೆ ಬಂದಿವೆ. ಇಂಥ ಮನೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: “ವಯಸ್ಸಾಯಿತು, ಇನ್ನು ಊಟ ಕಡಿಮೆ ಮಾಡಬೇಕು.” ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ನಡೆದುಕೊಂಡಾಗ ಹಿರಿಯರು ರೊಟ್ಟಿಯ ಜೊತೆಗೆ ಕಾಳನ್ನೂ, ಹಾಲನ್ನೂ, ಪಲ್ಯವನ್ನೂ ಬಿಟ್ಟು, ಚಹಾ ಮತ್ತು ಅನ್ನ-ಸಾರಿನಲ್ಲಿ ದಿನ ಕಳೆಯುವಂತಾಗುತ್ತದೆ. ಏನನ್ನು ಕಡಿಮೆ ಮಾಡಬೇಕು, ಏನನ್ನು ಕಡಿಮೆ ಮಾಡಲೇಬಾರದು ಎಂಬುದನ್ನು ನಮ್ಮ ಭಾಗದ ಅಡುಗೆಮನೆಯನ್ನು ಕಣ್ಣೆದುರು ಇಟ್ಟುಕೊಂಡು ಇಲ್ಲಿ ವಿವರಿಸುತ್ತೇವೆ. ಈಗಾಗಲೇ ಔಷಧಿ ಸೇವಿಸುತ್ತಿರುವವರು, ವಿಶೇಷವಾಗಿ ಮೂತ್ರಪಿಂಡದ ತೊಂದರೆಯುಳ್ಳವರು, ತಮ್ಮ ವೈದ್ಯರನ್ನು ಕೇಳಿಯೇ ಊಟದಲ್ಲಿ ಬದಲಾವಣೆ ಮಾಡಿಕೊಳ್ಳಬೇಕೆಂದು ಮೊದಲೇ ವಿನಂತಿಸುತ್ತೇವೆ.

ಚಯಾಪಚಯ ಎಂದರೇನು?

ನಾವು ಉಂಡ ಅನ್ನವನ್ನು ದೇಹವು ಒಡೆದು ಶಕ್ತಿಯನ್ನಾಗಿ ಮಾಡಿಕೊಳ್ಳುವ, ಆ ಶಕ್ತಿಯಿಂದಲೇ ಸವೆದ ಅಂಗಾಂಶಗಳನ್ನು ಮತ್ತೆ ಕಟ್ಟಿಕೊಳ್ಳುವ ನಿರಂತರ ಕ್ರಿಯೆಗೆ ಚಯಾಪಚಯವೆಂದು ಹೆಸರು. ಚಯವೆಂದರೆ ಕೂಡಿಸುವುದು, ಅಪಚಯವೆಂದರೆ ಒಡೆಯುವುದು. ನಿದ್ರೆಯಲ್ಲಿಯೂ ಇದು ನಿಲ್ಲುವುದಿಲ್ಲ. ಹೃದಯದ ಬಡಿತ, ಉಸಿರಾಟ, ಮೆದುಳಿನ ಕೆಲಸ, ದೇಹದ ಬಿಸಿ ಇವೆಲ್ಲ ಇದರಿಂದಲೇ ನಡೆಯುತ್ತವೆ.

ಮೂವತ್ತು ದಾಟಿದೊಡನೆ ಚಯಾಪಚಯ ಮಂದವಾಗುತ್ತದೆಂಬ ನಂಬಿಕೆ ಬಹಳ ಕಾಲದಿಂದ ಇತ್ತು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನ ಈ ನಂಬಿಕೆಯನ್ನು ತಿದ್ದಿತು. ದೇಹದ ಗಾತ್ರ ಮತ್ತು ಮಾಂಸಖಂಡದ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ, 20ರಿಂದ 60ರ ವಯಸ್ಸಿನವರೆಗೆ ಶಕ್ತಿಯ ವ್ಯಯ ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. 60ರ ನಂತರ ವರ್ಷಕ್ಕೆ ಸುಮಾರು ಶೇಕಡಾ 0.7ರಷ್ಟು ಇಳಿಯುತ್ತದೆ. ಹಾಗಾದರೆ ನಲವತ್ತು, ಐವತ್ತರಲ್ಲಿಯೇ ಹೊಟ್ಟೆ ಮುಂದೆ ಬರುವುದೇಕೆ? ಮೈಯ ದುಡಿಮೆ ಕಡಿಮೆಯಾಗುವುದು, ಮಾಂಸಖಂಡ ಕರಗುವುದು ಮತ್ತು ಊಟದ ಬಗೆ ಬದಲಾಗುವುದು ಇದಕ್ಕೆ ಮುಖ್ಯ ಕಾರಣಗಳು. ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಮಾಂಸಖಂಡವು ಶೇಕಡಾ 3ರಿಂದ 8ರಷ್ಟು ಕಡಿಮೆಯಾಗುತ್ತ ಬರುತ್ತದೆ. ಅರವತ್ತರ ನಂತರ ಈ ನಷ್ಟದ ವೇಗ ಹೆಚ್ಚುತ್ತದೆ.

ಮಾಂಸಖಂಡದ ಈ ನಷ್ಟವನ್ನು ಕೇವಲ ಬಲದ ವಿಷಯವೆಂದು ತಿಳಿಯಬಾರದು. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ಬಹುಭಾಗವನ್ನು ಹೀರಿಕೊಳ್ಳುವ ಉಗ್ರಾಣ ಮಾಂಸಖಂಡವೇ. ಉಗ್ರಾಣ ಚಿಕ್ಕದಾದರೆ ಅದೇ ಊಟದ ಸಕ್ಕರೆ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮಿಕ್ಕದ್ದು ಕೊಬ್ಬಾಗಿ ಹೊಟ್ಟೆಯ ಸುತ್ತ ಕೂಡುತ್ತದೆ. ಸಕ್ಕರೆ ಕಾಯಿಲೆ, ಯಕೃತ್ತಿನ ಕೊಬ್ಬು, ರಕ್ತದೊತ್ತಡಗಳು ಒಂದರ ಹಿಂದೊಂದು ಬರುವ ದಾರಿ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಸಮೀಕ್ಷೆಯ 2023ರ ವರದಿಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ನಮ್ಮ ಭಾಗದಲ್ಲಿ ಬದಲಾದದ್ದು

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾತೀರದ ರೈತರು ತಮ್ಮದೇ ಹಣ ಹಾಗೂ ಶ್ರಮ ಕೂಡಿಸಿ ಕಟ್ಟಿದ ಬ್ಯಾರೇಜು 1989ರಲ್ಲಿ ಪೂರ್ಣಗೊಂಡಿತು. ಶ್ರಮಬಿಂದು ಸಾಗರವೆಂಬ ಹೆಸರೇ ಅಂದಿನ ಜನರ ದುಡಿಮೆಗೆ ಸಾಕ್ಷಿ. ಅಂದು ಇಪ್ಪತ್ತೈದರ ಹರೆಯದಲ್ಲಿದ್ದವರು ಇಂದು ಅರವತ್ತರ ಆಚೆಗಿದ್ದಾರೆ. ಆ ಪೀಳಿಗೆ ನೇಗಿಲು ಹಿಡಿದು, ಹಗೇವಿಗೆ ಜೋಳ ತುಂಬಿ, ಹತ್ತಾರು ಮೈಲಿ ನಡೆದು ಬದುಕಿದ್ದು. ದಿನಕ್ಕೆ ಐದಾರು ರೊಟ್ಟಿ ಉಂಡರೂ ಆ ಮೈಗೆ ಅದು ಹೆಚ್ಚಾಗುತ್ತಿರಲಿಲ್ಲ. ನೀರಾವರಿ ಬಂದಿತು, ಕಬ್ಬು ಬಂದಿತು, ಟ್ರ್ಯಾಕ್ಟರ್ ಬಂದಿತು, ಮನೆಗೊಂದು ಮೋಟಾರ್ ಬೈಕ್ ಬಂದಿತು. ರಬಕವಿ-ಬನಹಟ್ಟಿಯಲ್ಲಿ ಕುಣಿಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದಿತು. ದಿನವಿಡೀ ಕೈಕಾಲು ಆಡಿಸುತ್ತಿದ್ದ ನೇಕಾರ ಈಗ ಯಂತ್ರದ ಮುಂದೆ ನಿಂತು ಕಾಯುತ್ತಾನೆ. ಆಲಮಟ್ಟಿಯ ಹಿನ್ನೀರಿಗೆ ಹೊಲ-ಮನೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಬೀಳಗಿ ಭಾಗದ ಕುಟುಂಬಗಳಲ್ಲಿ ಹಿರಿಯರಿಗೆ ದಿನನಿತ್ಯದ ಹೊಲದ ಕೆಲಸವೂ, ಮನೆಯ ಜೋಳವೂ ಒಟ್ಟಿಗೆ ತಪ್ಪಿದವು.

ಊಟವೂ ಬದಲಾಯಿತು. ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಕಬ್ಬು ನಿಂತ ಮೇಲೆ ರೊಟ್ಟಿಯ ಹಿಟ್ಟನ್ನು ಕೊಂಡು ತರಬೇಕಾಯಿತು. ಪಡಿತರದ ಅಕ್ಕಿ ಬಡವರ ಹಸಿವನ್ನು ನೀಗಿಸಿದ ಉಪಕಾರ ದೊಡ್ಡದು. ಅದರೊಡನೆ ಎರಡು ಹೊತ್ತೂ ಅನ್ನವುಣ್ಣುವ ರೂಢಿಯೂ ಬಂದಿತು. ಬೆಳಗಿನ ನುಚ್ಚು-ಮಜ್ಜಿಗೆಯ ಸ್ಥಳದಲ್ಲಿ ಚಹಾ, ಟೋಸ್ಟ್, ಖಾರಿ, ಉಪ್ಪಿಟ್ಟು, ಅವಲಕ್ಕಿಗಳು ಕುಳಿತವು. ದುಡಿಮೆ ಇಳಿದ ಕಾಲಕ್ಕೇ ಪಿಷ್ಟ ಮತ್ತು ಸಿಹಿ ಏರಿದ್ದು ಇಂದಿನ ಕಾಯಿಲೆಗಳ ಬೇರು.

ಜೋಳದ ರೊಟ್ಟಿ: ಗುಣವೂ ಮಿತಿಯೂ

ಹಿಂಗಾರಿನ ಬಿಳಿಜೋಳ ನಮ್ಮ ಭಾಗದ ದೊಡ್ಡ ಆಸ್ತಿ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಮತ್ತು ಸುಮಾರು 10 ಗ್ರಾಂ ನಾರಿನಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗಿಂತ ಕಡಿಮೆ. ನಾರು ಹೆಚ್ಚಿದ್ದರೆ ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಹಿರಿಯರನ್ನು ಕಾಡುವ ಮಲಬದ್ಧತೆಯೂ ತಗ್ಗುತ್ತದೆ. ಸಜ್ಜೆಯಲ್ಲಿ ನಾರಿನ ಜೊತೆಗೆ ಕಬ್ಬಿಣದ ಅಂಶವೂ ಚೆನ್ನಾಗಿದೆ. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುವ ಪದ್ಧತಿ ಉಳಿಯಬೇಕಾದದ್ದು.

ಆದರೂ ಒಂದು ಮಾತನ್ನು ಒತ್ತಿ ಹೇಳಬೇಕು. ಜೋಳವೂ ಪಿಷ್ಟಧಾನ್ಯವೇ, ಅದರ ಮೂರರಲ್ಲಿ ಎರಡು ಪಾಲು ಪಿಷ್ಟವೇ ಇದೆ. “ರೊಟ್ಟಿ ಉಂಡರೆ ಶುಗರ್ ಬರುವುದಿಲ್ಲ” ಎಂಬ ನಂಬಿಕೆಯಿಂದ ಮನಸ್ಸಿಗೆ ಬಂದಷ್ಟು ಉಣ್ಣುವುದು ಸರಿಯಲ್ಲ. ಅದೇ ರಾಷ್ಟ್ರೀಯ ಸಮೀಕ್ಷೆಯ ಆಹಾರ ವರದಿ 2025ರಲ್ಲಿ ಪ್ರಕಟವಾಗಿದ್ದು, ಭಾರತೀಯರು ತಮ್ಮ ಶಕ್ತಿಯ ಸುಮಾರು ಶೇಕಡಾ 62ರಷ್ಟನ್ನು ಪಿಷ್ಟ-ಸಕ್ಕರೆಗಳಿಂದಲೇ ಪಡೆಯುತ್ತಾರೆಂದು ತಿಳಿಸಿದೆ. ಒಟ್ಟು ಪ್ರಮಾಣವನ್ನು ತಗ್ಗಿಸದೆ ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ಉಂಡ ಮಾತ್ರಕ್ಕೆ ಅಪಾಯ ಕಡಿಮೆಯಾಗದು, ಪಿಷ್ಟದ ಒಂದು ಪಾಲನ್ನು ಕಾಳು ಅಥವಾ ಹಾಲಿನ ಪ್ರೋಟೀನಿಗೆ ಬದಲಿಸಿದಾಗ ಪ್ರಯೋಜನ ಕಾಣುತ್ತದೆ ಎಂಬುದು ಅದರ ತಿರುಳು. ಹೊಲದ ದುಡಿಮೆ ನಿಲ್ಲಿಸಿದ ಹಿರಿಯರಿಗೆ ಹೊತ್ತಿಗೆ ಒಂದೂವರೆ ಅಥವಾ ಎರಡು ರೊಟ್ಟಿ ಸಾಕು. ಬಿಟ್ಟ ರೊಟ್ಟಿಯ ಜಾಗವನ್ನು ಉಸುಳಿ, ಪಲ್ಯ, ಮೊಸರು ತುಂಬಬೇಕು. ಆ ಜಾಗ ಖಾಲಿ ಉಳಿಯಬಾರದು.

ಹಲ್ಲು ಇಲ್ಲದವರು ರೊಟ್ಟಿ ಬಿಟ್ಟು ಮೆತ್ತನೆಯ ಅನ್ನಕ್ಕೆ ಹೋಗುವುದು ಸಹಜ. ಅವರಿಗೆ ಬಿಸಿ ರೊಟ್ಟಿಯನ್ನು ಬೇಳೆಯ ಸಾರಿನಲ್ಲಿ ನೆನೆಸಿ ಕೊಡಬಹುದು. ಜೋಳದ ನುಚ್ಚು, ಅಂಬಲಿ, ಹೆಸರುಬೇಳೆ ಸೇರಿಸಿ ಬೇಯಿಸಿದ ನುಚ್ಚು ಇವೂ ಒಳ್ಳೆಯವು. ಹಲ್ಲಿನ ಸೆಟ್ಟು ಸರಿಯಾಗಿ ಕೂಡದಿದ್ದರೆ ಅದನ್ನು ಸರಿಪಡಿಸಿಕೊಳ್ಳುವುದು ಊಟದ ಸುಧಾರಣೆಯ ಮೊದಲ ಹೆಜ್ಜೆ.

ಕಾಳು, ಹಾಲು, ಶೇಂಗಾ: ಕಡಿಮೆ ಮಾಡಲೇಬಾರದ ಪಾಲು

ವಯಸ್ಸಾದಂತೆ ದೇಹಕ್ಕೆ ಶಕ್ತಿಯ ಅಗತ್ಯ ಇಳಿಯುತ್ತದೆ; ಪ್ರೋಟೀನಿನ ಅಗತ್ಯ ಇಳಿಯುವುದಿಲ್ಲ. ವಯಸ್ಕರಿಗೆ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಇರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ತಜ್ಞರ ಸಲಹೆಯಿದೆ. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರ ಪ್ರಮಾಣವನ್ನು ವೈದ್ಯರೇ ಗೊತ್ತುಪಡಿಸಬೇಕು.

ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಇದು ಗಮನವಿಟ್ಟು ನೋಡಬೇಕಾದ ವಿಷಯ. ಅರವತ್ತು ಕಿಲೋ ತೂಕದ ಒಬ್ಬ ಹಿರಿಯರಿಗೆ ದಿನಕ್ಕೆ ಸುಮಾರು 60 ಗ್ರಾಂ ಬೇಕೆಂದು ಇಟ್ಟುಕೊಳ್ಳೋಣ. ಅವರು ಬೆಳಿಗ್ಗೆ ಚಹಾ-ಟೋಸ್ಟ್, ಮಧ್ಯಾಹ್ನ ಎರಡು ರೊಟ್ಟಿ ಮತ್ತು ತೆಳುವಾದ ಸಾರು, ರಾತ್ರಿ ಅನ್ನ-ಮಜ್ಜಿಗೆ ಉಂಡರೆ ಎಲ್ಲ ಸೇರಿ 30 ಗ್ರಾಂ ಆಗುವುದೂ ಕಷ್ಟ. ಹೊಟ್ಟೆ ತುಂಬಿರುತ್ತದೆ, ಅರ್ಧದಷ್ಟು ಕೊರತೆ ಉಳಿದಿರುತ್ತದೆ. ಈ ಕೊರತೆಯನ್ನು ದೇಹವು ತನ್ನ ಮಾಂಸಖಂಡವನ್ನೇ ಕರಗಿಸಿ ತುಂಬಿಕೊಳ್ಳುತ್ತದೆ.

ಇದನ್ನೇ ಹೀಗೆ ಬದಲಿಸಬಹುದು. ಮೂರು ರೊಟ್ಟಿಗೆ ಬೇಕಾದ 150 ಗ್ರಾಂ ಜೋಳದ ಹಿಟ್ಟಿನಿಂದ 15 ಗ್ರಾಂ, ಒಂದು ಹಿಡಿ ಅಕ್ಕಿಯಿಂದ 4 ಗ್ರಾಂ, 75 ಗ್ರಾಂ ಬೇಳೆಕಾಳಿನಿಂದ 16 ಗ್ರಾಂ, ಕಾಲು ಲೀಟರ್ ಹಾಲಿನಿಂದ 8 ಗ್ರಾಂ, ಒಂದು ಬಟ್ಟಲು ಮೊಸರಿನಿಂದ 5 ಗ್ರಾಂ, ಶೇಂಗಾ ಮತ್ತು ಅಗಸೆ ಚಟ್ನಿಯಿಂದ 7 ಗ್ರಾಂ, ಕಾಯಿಪಲ್ಯ-ಸೊಪ್ಪಿನಿಂದ 4 ಗ್ರಾಂ. ಒಟ್ಟು 59 ಗ್ರಾಂ. ಇದರಲ್ಲಿ ಪೇಟೆಯ ಡಬ್ಬಿಯ ಪುಡಿ ಯಾವುದೂ ಇಲ್ಲ. ಇವೆಲ್ಲ ನಮ್ಮ ಮನೆಯ ಗಡಿಗೆ, ಡಬ್ಬಗಳಲ್ಲಿಯೇ ಇರುವ ಪದಾರ್ಥಗಳು.

ಹೆಸರುಕಾಳು, ಮಡಕಿಕಾಳು, ಹುರಳಿ, ಅಲಸಂದಿ, ಕಡಲೆ, ತೊಗರಿ ಎಲ್ಲದರಲ್ಲಿಯೂ ನೂರು ಗ್ರಾಮಿಗೆ ಸುಮಾರು 19ರಿಂದ 23 ಗ್ರಾಂ ಪ್ರೋಟೀನ್ ಇದೆ. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ಆದ್ದರಿಂದ ರೊಟ್ಟಿಯ ಜೊತೆಗೆ ಮಡಕಿಕಾಳಿನ ಉಸುಳಿ, ಝುಣಕ ಅಥವಾ ದಪ್ಪ ಬೇಳೆ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಾಳುಗಳನ್ನು ರಾತ್ರಿ ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ವಾಯುವಿನ ತೊಂದರೆ ತಗ್ಗುತ್ತದೆ. ಹಸಿ ಮೊಳಕೆಕಾಳನ್ನು ಹಿರಿಯರಿಗೆ ಕೊಡದಿರುವುದು ಲೇಸು. ಪ್ರೋಟೀನನ್ನು ಒಂದೇ ಹೊತ್ತಿನಲ್ಲಿ ಸೇವಿಸುವ ಬದಲು ಮೂರೂ ಹೊತ್ತಿಗೆ ಹಂಚಿದರೆ ಮಾಂಸಖಂಡಕ್ಕೆ ಹೆಚ್ಚು ಉಪಯೋಗ.

ಬೆಲ್ಲವೂ ಸಕ್ಕರೆಯೇ

ಮಹಾಲಿಂಗಪುರದ ಬೆಲ್ಲದ ಪೇಟೆ, ಮುಧೋಳ-ಜಮಖಂಡಿಗಳ ಸಕ್ಕರೆ ಕಾರ್ಖಾನೆಗಳು ನಮ್ಮ ಭಾಗದ ಸಾವಿರಾರು ಕುಟುಂಬಗಳ ಜೀವನಾಧಾರ. ಬೆಳೆದವರ ಬೆವರಿಗೆ ನಮ್ಮ ಗೌರವವಿದೆ. ಆದರೆ “ಸಕ್ಕರೆ ಬೇಡ, ಬೆಲ್ಲ ನಡೆಯುತ್ತದೆ” ಎಂದು ಸಕ್ಕರೆ ಕಾಯಿಲೆಯ ಹಿರಿಯರಿಗೆ ಬೆಲ್ಲದ ಚಹಾ ಕೊಡುವ ರೂಢಿ ಬಹಳ ಅಪಾಯದ್ದು. ಬೆಲ್ಲದ ಬಹುಭಾಗ ಸಕ್ಕರೆಯೇ. ರಕ್ತದಲ್ಲಿ ಅದು ಮಾಡುವ ಕೆಲಸವೂ ಒಂದೇ. ಅದರಲ್ಲಿರುವ ಸ್ವಲ್ಪ ಖನಿಜಾಂಶಕ್ಕಾಗಿ ಬೆಲ್ಲ ತಿನ್ನುವ ಅಗತ್ಯವಿಲ್ಲ. ಸೊಪ್ಪು, ಕಾಳು, ಎಳ್ಳುಗಳಲ್ಲಿ ಅದು ಹೆಚ್ಚಾಗಿದೆ. ಜೇನುತುಪ್ಪಕ್ಕೂ, ಕಬ್ಬಿನ ಹಾಲಿಗೂ ಇದೇ ಮಾತು.

ಹೊರಗಿನಿಂದ ಸೇರಿಸುವ ಸಿಹಿ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು, ಶೇಕಡಾ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿದೆ. ಶೇಕಡಾ 5 ಎಂದರೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಐದಾರು ಚಮಚ. ಒಂದು ಕಪ್ಪು ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ಐದು ಬಾರಿ ಕುಡಿದರೆ ಹತ್ತು ಚಮಚವಾಯಿತು. ಹೋಳಿಗೆ, ಮಾದಲಿ ಮುಟ್ಟುವ ಮೊದಲೇ ಮಿತಿ ದಾಟಿರುತ್ತದೆ. ಮಗ್ಗದ ಮನೆಗಳಲ್ಲಿ, ಚಹಾದಂಗಡಿಯ ಕಟ್ಟೆಯಲ್ಲಿ ಕಳೆಯುವ ಹೊತ್ತು ಹೆಚ್ಚಿದ್ದವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು. ಚಹಾವನ್ನು ಎರಡು ಬಾರಿಗೆ ಇಳಿಸಿ, ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಕಡಿಮೆ ಮಾಡುತ್ತ ಬಂದರೆ ಒಂದು ತಿಂಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಅಂತರವಿರಲಿ. ಮಧ್ಯಾಹ್ನದ ಬಾಯಾರಿಕೆಗೆ ಮಜ್ಜಿಗೆಗಿಂತ ಹಿತವಾದದ್ದಿಲ್ಲ.

ಸೊಪ್ಪು, ಪಚಡಿ ಮತ್ತು ಉಣ್ಣುವ ಕ್ರಮ

ಮೆಂತ್ಯ, ರಾಜಗಿರಿ, ಪುಂಡಿ, ಕಿರಕಸಾಲಿ, ಹತ್ತರಕಿ, ಹಕ್ಕರಕಿ ಇವು ನಮ್ಮ ಹೊಲಬದುಗಳ ಔಷಧಾಲಯ. ಸೌತೆ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿಗಳ ಪಚಡಿಯೂ ಊಟದಲ್ಲಿರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದೂಟಕ್ಕೆ 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು, 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 300 ಮಿಲಿಲೀಟರ್ ಹಾಲು ಅಥವಾ ಮೊಸರು, 35 ಗ್ರಾಂ ಶೇಂಗಾದಂಥ ಬೀಜಗಳು, 27 ಗ್ರಾಂ ಎಣ್ಣೆ ಎಂದು ಸೂಚಿಸಲಾಗಿದೆ. ದುಡಿಮೆ ಕಡಿಮೆಯಿರುವ ಹಿರಿಯರು ಧಾನ್ಯ ಮತ್ತು ಎಣ್ಣೆಯನ್ನು ಇದಕ್ಕಿಂತ ಇಳಿಸಬಹುದು; ಮಿಕ್ಕವು ಹಾಗೆಯೇ ಇರಲಿ.

ಖರ್ಚಿಲ್ಲದ ಉಪಾಯವೊಂದಿದೆ. ಊಟಕ್ಕೆ ಕುಳಿತಾಗ ಮೊದಲು ಪಚಡಿ ಮತ್ತು ಸೊಪ್ಪು, ಆಮೇಲೆ ಕಾಳು-ಬೇಳೆ, ಕೊನೆಗೆ ರೊಟ್ಟಿ, ಅನ್ನ. ಇದೇ ಊಟವನ್ನು ಈ ಕ್ರಮದಲ್ಲಿ ಉಂಡರೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ರಾತ್ರಿಯ ಊಟವನ್ನು ಮಲಗುವ ಎರಡು-ಮೂರು ಗಂಟೆ ಮೊದಲೇ ಮುಗಿಸುವುದೂ ಹಿತಕರ.

ಉಪ್ಪು, ಎಣ್ಣೆ, ಮಿರ್ಚಿ

ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಒಂದು ಸಣ್ಣ ಚಮಚ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ತಾಟಿನಲ್ಲಿ ಉಪ್ಪು ಅಡಗಿರುವುದು ಉಪ್ಪಿನಕಾಯಿ, ರಂಜಕ, ಹಪ್ಪಳ, ಸಂಡಿಗೆ ಮತ್ತು ಚಟ್ನಿಪುಡಿಗಳಲ್ಲಿ. ಶೇಂಗಾ, ಗುರೆಳ್ಳು, ಅಗಸೆ ಚಟ್ನಿಗಳು ಉತ್ತಮ ಆಹಾರವೇ. ಹಿರಿಯರಿಗಾಗಿ ಉಪ್ಪು-ಖಾರ ಅರ್ಧಕ್ಕಿಳಿಸಿ ಬೇರೆ ಕುಟ್ಟಿಡಬಹುದು. ಅಗಸೆಯನ್ನು ಇಡಿಯಾಗಿ ತಿಂದರೆ ಜೀರ್ಣವಾಗದೆ ಹೋಗುತ್ತದೆ. ಹುರಿದು ಪುಡಿ ಮಾಡಿದಾಗಲೇ ಅದರ ಒಮೆಗಾ-3 ಕೊಬ್ಬು ಮೈಗೆ ಹತ್ತುತ್ತದೆ. ಸಂಜೆಯ ಮಿರ್ಚಿ-ಭಜಿ, ಶೇವು ತಿಂಗಳಿಗೊಮ್ಮೆಯ ರುಚಿಯಾಗಿರಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಬಳಸಬಾರದು.

ಬಿ12, ಕ್ಯಾಲ್ಸಿಯಂ, ನೀರು

ಜೀವಸತ್ವ ಬಿ12 ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಅದು ಬರುವುದು ಹಾಲು, ಮೊಸರುಗಳಿಂದ. ವಯಸ್ಸಾದಂತೆ ಜಠರದ ಆಮ್ಲ ಕುಂದಿ ಬಿ12 ಹೀರಿಕೆ ಇಳಿಯುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ಸೇವಿಸಿದರೂ, ಆಮ್ಲಪಿತ್ತದ ಮಾತ್ರೆಗಳನ್ನು ಬಹುಕಾಲ ಸೇವಿಸಿದರೂ ಅದು ಇನ್ನಷ್ಟು ತಗ್ಗಬಹುದು. ಕಾಲು ಜುಮುಗುಡುವುದು, ಅಂಗಾಲು ಉರಿ, ಮರೆವು, ನಡೆಯುವಾಗ ತೂಗಾಡುವುದು ಇವನ್ನೆಲ್ಲ “ವಯಸ್ಸಿನ ದೋಷ” ಎಂದು ಬಿಟ್ಟುಬಿಡಬಾರದು. ಒಂದು ರಕ್ತಪರೀಕ್ಷೆಯಿಂದ ಕೊರತೆ ತಿಳಿಯುತ್ತದೆ; ಮಾತ್ರೆ ಅಥವಾ ಇಂಜೆಕ್ಷನ್ನಿನಿಂದ ಸರಿಪಡಿಸಬಹುದು. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಮರಳದಿರಬಹುದು.

ಎಲುಬಿಗೆ ಹಾಲು, ಮೊಸರು, ಎಳ್ಳು, ರಾಗಿ ಮತ್ತು ಸೊಪ್ಪುಗಳು ಬೇಕು. ಅವುಗಳ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಸಿಲಿನಿಂದ ದೊರೆಯುವ ಡಿ ಜೀವಸತ್ವ ಬೇಕು. ಪಡಸಾಲೆಯಲ್ಲಿಯೇ ದಿನ ಕಳೆಯುವ ಹಿರಿಯರನ್ನು ಸ್ವಲ್ಪ ಹೊತ್ತು ಅಂಗಳದ ಬಿಸಿಲಿಗೆ ಕರೆತರಬೇಕು.

ವಯಸ್ಸಾದವರಿಗೆ ನೀರಡಿಕೆಯ ಅರಿವೇ ಕುಂದುತ್ತದೆ. ನಾಲ್ವತ್ತು ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ಕೇಳಿದಾಗ ಕೊಡುವ ಬದಲು, ಹೊತ್ತು ಹೊತ್ತಿಗೆ ನೀರು ಅಥವಾ ತೆಳುಮಜ್ಜಿಗೆಯ ಲೋಟ ಕೈಗಿಡುವುದು ಮನೆಯವರ ಕೆಲಸ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಅದನ್ನು ಪಾಲಿಸಬೇಕು.

ಉಪವಾಸ ಮತ್ತು ಔಷಧಿ

ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಹಿರಿಯರು ಶ್ರದ್ಧೆಯಿಂದ ಉಪವಾಸವಿರುತ್ತಾರೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಸೇವಿಸುವವರು ಔಷಧಿ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೈ ಬೆವರುವುದು, ಕೈ ನಡುಗುವುದು, ಎದೆ ಬಡಿದುಕೊಳ್ಳುವುದು, ಮಾತು ತಪ್ಪುವುದು ಇದರ ಚಿಹ್ನೆಗಳು. ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಅಳೆಯುವ ಯಂತ್ರ ಇಲ್ಲದಿದ್ದರೆ ಚಿಹ್ನೆ ಕಂಡೊಡನೆ ಕೊಡಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಇನ್ನೊಂದೆಡೆ, ಉಪವಾಸದ ಹೆಸರಿನಲ್ಲಿ ಸಾಬೂದಾನಿ ಕಿಚಡಿ, ಬಾಳೆಹಣ್ಣು, ಸಿಹಿ ಹಾಲು, ಕರಿದ ಆಲೂಗಡ್ಡೆ ಸೇವಿಸಿದಾಗ ಸಕ್ಕರೆ ಏರುತ್ತದೆ. ಸಾಬೂದಾನಿ ಬಹುಮಟ್ಟಿಗೆ ಬರಿಯ ಪಿಷ್ಟ. ಔಷಧಿ ಸೇವಿಸುವ ಹಿರಿಯರು ವ್ರತದ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ ತಿಳಿದುಕೊಳ್ಳಲಿ. ಅಥವಾ ಹಾಲು, ಶೇಂಗಾ, ಹಣ್ಣಿನ ಮಿತವಾದ ಫಲಾಹಾರವನ್ನು ಹೊತ್ತಿಗೆ ಸರಿಯಾಗಿ ಸ್ವೀಕರಿಸಲಿ. ಲಿಂಗಪೂಜೆ, ಧ್ಯಾನಗಳ ಫಲ ದೇಹವನ್ನು ದಂಡಿಸುವುದರಿಂದ ಹೆಚ್ಚುವುದಿಲ್ಲ.

ದಾಸೋಹದ ಪಂಕ್ತಿಯಲ್ಲಿ

ಜಾತ್ರೆ, ಪುರಾಣಮಂಗಲ, ಮದುವೆಗಳ ಪಂಕ್ತಿಯಲ್ಲಿ ಗೋಧಿಹುಗ್ಗಿ, ಮಾದಲಿ, ಹೋಳಿಗೆಗಳನ್ನು ಬಡಿಸುವವರು ಪ್ರೀತಿಯಿಂದ ಒತ್ತಾಯಿಸುತ್ತಾರೆ. ಬಡಿಸಿದ್ದನ್ನು ಚೆಲ್ಲಬಾರದೆಂಬುದು ಪ್ರಸಾದದ ಸಂಸ್ಕಾರ. ಈ ಎರಡರ ನಡುವೆ ಸಿಲುಕಿ ಹಿರಿಯರು ಮಿತಿ ಮೀರಿ ಉಣ್ಣುತ್ತಾರೆ. ಪ್ರಸಾದವನ್ನು ಒಂದು ಚಮಚದಷ್ಟು ಸ್ವೀಕರಿಸಿದರೂ ಅದು ಪ್ರಸಾದವೇ. ಬಡಿಸುವ ಮೊದಲೇ ಕೈಮುಗಿದು “ಸಾಕು” ಎನ್ನುವುದು ಪ್ರಸಾದಕ್ಕೆ ಅಗೌರವವಲ್ಲ. ಹಾಕಿಸಿಕೊಂಡು ಬಿಡುವುದು ತಪ್ಪು. ಬಡಿಸುವವರೂ ಹಿರಿಯರ ತಾಟಿಗೆ ಸಿಹಿಯ ಬದಲು ಇನ್ನೊಂದು ಸೌಟು ಕಾಳುಪಲ್ಯ, ಇನ್ನೊಂದಿಷ್ಟು ಮಜ್ಜಿಗೆ ಹಾಕುವುದನ್ನು ರೂಢಿಸಿಕೊಳ್ಳಬೇಕು.

ಕಾಯಕ ನಿಲ್ಲಬಾರದು

ಊಟ ಎಷ್ಟೇ ಚೆನ್ನಾಗಿದ್ದರೂ ಮೈಗೆ ಕೆಲಸವಿಲ್ಲದಿದ್ದರೆ ಉಂಡ ಪ್ರೋಟೀನ್ ಮಾಂಸಖಂಡವಾಗುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ, ವಾರದಲ್ಲಿ ಎರಡು ದಿನ ಬಲದ ವ್ಯಾಯಾಮ, ಅರವತ್ತೈದು ದಾಟಿದವರಿಗೆ ಮೂರು ದಿನ ಸಮತೋಲದ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ವ್ಯಾಯಾಮಶಾಲೆ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂಡುವುದು, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಒಂದು ಲೀಟರ್ ನೀರಿನ ಬಾಟಲಿ ಎತ್ತಿಳಿಸುವುದು ಸಾಕು. ಪ್ರತಿ ಊಟದ ನಂತರ ಹತ್ತು-ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ಹಿರಿಯರ ಕೈಯಿಂದ ಎಲ್ಲ ಕೆಲಸ ಕಸಿದುಕೊಂಡು “ನೀವು ಸುಮ್ಮನೆ ಕುಳಿತುಕೊಳ್ಳಿ” ಎನ್ನುವುದು ಪ್ರೀತಿಯ ಹೆಸರಿನ ಅಪಕಾರ. ಸೊಪ್ಪು ಸೋಸುವುದು, ಗಿಡಕ್ಕೆ ನೀರುಣಿಸುವುದು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದು ಅವರಿಗೆ ಬಲವನ್ನೂ ಮಾನವನ್ನೂ ಕೊಡುವ ಕಾಯಕ.

ಯಾವಾಗ ತಪಾಸಣೆ?

ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕು. ಬರಿಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 6.5 ಅಥವಾ ಹೆಚ್ಚು ಬಂದರೆ ಅದು ಸಕ್ಕರೆ ಕಾಯಿಲೆಯ ಸೂಚನೆ. ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಮಾಡುವ ವ್ಯವಸ್ಥೆಯಿದೆ, ಅದನ್ನು ಬಳಸಿಕೊಳ್ಳಬೇಕು. ಅತಿಯಾದ ದಣಿವು, ಚಳಿ ತಡೆಯಲಾಗದಿರುವುದು, ಕಾರಣವಿಲ್ಲದೆ ತೂಕ ಏರುವುದು ಇದ್ದರೆ ಥೈರಾಯಿಡ್ ಪರೀಕ್ಷೆ ಅಗತ್ಯ.

ತೂಕ ಇಳಿದದ್ದೆಲ್ಲ ಒಳ್ಳೆಯದಲ್ಲ. ಪ್ರಯತ್ನಪಡದೆಯೇ ಆರರಿಂದ ಹನ್ನೆರಡು ತಿಂಗಳಲ್ಲಿ ತೂಕದ ಶೇಕಡಾ 5ರಷ್ಟು, ಅಂದರೆ ಅರವತ್ತು ಕಿಲೋ ಇದ್ದವರು ಮೂರು ಕಿಲೋ, ಇಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬಳೆ ಸಡಿಲವಾಗುವುದು, ಧೋತರ ಜಾರುವುದು, ಕುಳಿತವರು ಆಸರೆಯಿಲ್ಲದೆ ಏಳಲಾಗದಿರುವುದು ಮನೆಯವರ ಕಣ್ಣಿಗೆ ಮೊದಲು ಬೀಳುವ ಗುರುತುಗಳು.

ಒಂದು ದಿನದ ಊಟ, ಮಾದರಿಯಾಗಿ

ಬೆಳಿಗ್ಗೆ: ಹೆಸರುಬೇಳೆ ಬೆರೆಸಿದ ಜೋಳದ ನುಚ್ಚು ಅಥವಾ ಒಂದು ರೊಟ್ಟಿ, ಮೊಸರು, ಅಗಸೆ ಚಟ್ನಿ, ಸಕ್ಕರೆ ಕಡಿಮೆಯಿರುವ ಚಹಾವನ್ನು ಒಂದು ಗಂಟೆ ಬಿಟ್ಟು.

ಹತ್ತು-ಹನ್ನೊಂದರ ಸುಮಾರಿಗೆ: ಪೇರಲ, ಪಪ್ಪಾಯಿಯಂಥ ಹಣ್ಣು, ಒಂದು ಹಿಡಿ ಹುರಿದ ಶೇಂಗಾ.

ಮಧ್ಯಾಹ್ನ: ಮೊದಲು ಪಚಡಿ, ಮಡಕಿಕಾಳು ಅಥವಾ ಹುರಳಿಯ ಉಸುಳಿ, ಸೊಪ್ಪಿನ ಪಲ್ಯ, ಒಂದೂವರೆ ರೊಟ್ಟಿ, ಕೊನೆಗೆ ಮಜ್ಜಿಗೆ.

ಸಂಜೆ: ಬೇಯಿಸಿದ ಕಡಲೆ, ಅಥವಾ ಶೇಂಗಾ ಬೆರೆಸಿದ ಸ್ವಲ್ಪ ಚುರುಮುರಿ.

ರಾತ್ರಿ: ಅರ್ಧ ರೊಟ್ಟಿ, ಸ್ವಲ್ಪ ಅನ್ನ, ದಪ್ಪ ತೊಗರಿಬೇಳೆ, ಕಾಯಿಪಲ್ಯ. ಮಲಗುವ ಮುನ್ನ ಸಕ್ಕರೆಯಿಲ್ಲದ ಒಂದು ಲೋಟ ಹಾಲು.

ಮನೆಯವರಲ್ಲಿ ಒಂದು ವಿನಂತಿ

ಒಂಟಿಯಾಗಿ ಉಣ್ಣುವ ಹಿರಿಯರು ಕಡಿಮೆ ಉಣ್ಣುತ್ತಾರೆ. ಸಂಗಾತಿಯನ್ನು ಕಳೆದುಕೊಂಡ ತಾಯಂದಿರು ತಮಗೊಬ್ಬರಿಗೆ ಪಲ್ಯವೇಕೆಂದು ಅನ್ನಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡು ಎದ್ದುಬಿಡುತ್ತಾರೆ. ಮಕ್ಕಳು ಬೆಂಗಳೂರು, ಪುಣೆಗಳಲ್ಲಿದ್ದು ಹಿರಿಯರಿಬ್ಬರೇ ಊರಲ್ಲಿರುವ ಮನೆಗಳು ಹೆಚ್ಚುತ್ತಿವೆ. ದೂರದಲ್ಲಿರುವ ಮಕ್ಕಳು ಫೋನಿನಲ್ಲಿ “ಊಟ ಆಯಿತೆ?” ಎಂದು ಕೇಳಿ ಸುಮ್ಮನಾಗದೆ “ಇಂದು ಯಾವ ಕಾಳು, ಯಾವ ಸೊಪ್ಪು?” ಎಂದು ಕೇಳಲಿ. ನೆರೆಯಲ್ಲಿರುವವರು ಒಂಟಿ ಹಿರಿಯರ ಮನೆಗೆ ಒಂದು ಬಟ್ಟಲು ಉಸುಳಿ ಮುಟ್ಟಿಸಲಿ, ಇಲ್ಲವೇ ಅವರನ್ನೇ ತಮ್ಮ ಪಂಕ್ತಿಗೆ ಕರೆಯಲಿ. ದಾಸೋಹವೆಂಬ ಮಾತಿಗೆ ಇದಕ್ಕಿಂತ ಹತ್ತಿರದ ಅರ್ಥ ನಮಗೆ ತೋರದು.